ದುರ್ಗಸೀಮೆಯ ಕೆರೆ-ಹೊಲಗಳ ಚರಿತ್ರೆಯೂ ಪ್ರೌಢಶಾಲೆಯ ಪಾಠವೂ



ಚಿತ್ರದುರ್ಗದ ಕೋಟೆಯನ್ನು ಒಮ್ಮೆ ಹತ್ತಿ ಇಳಿದ ಪ್ರೌಢಶಾಲೆಯ ಬಾಲಕ ಬಾಲಿಕೆಯರಲ್ಲಿ ಯಾರನ್ನು ಕೇಳಿದರೂ ಒನಕೆ ಓಬವ್ವೆಯ ಕಥೆಯನ್ನು ತಡವರಿಸದೆ ಹೇಳಿಬಿಡುವರು. ಹೈದರಾಲಿಯ ದಂಡು ಕೋಟೆಯನ್ನು ಮುತ್ತಿದ್ದುದು, ಕಾವಲುಗಾರನು ಊಟಕ್ಕೆ ಮನೆಗೆ ಬಂದಿದ್ದುದು, ಅವನ ಮಡದಿಯು ಕಿಂಡಿಯ ಬಳಿ ನಿಂತು ನುಸುಳಿ ಬಂದ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದು ಕೆಡಹಿದುದು, ಇವೆಲ್ಲವೂ ಅವರಿಗೆ ಕಂಠಪಾಠ. ಆದರೆ ಆ ಸಾಧ್ವಿಯು ಕಿಂಡಿಯ ಬಳಿಗೆ ಹೋದುದೇತಕ್ಕೆ ಎಂದು ಕೇಳಿದರೆ ಹಲವರು ಕ್ಷಣಕಾಲ ಸುಮ್ಮನಾಗುವರು. ಜನಜನಿತವಾದ ಕಥೆಯಂತೆ ಅವಳು ಹೋದುದು ಯುದ್ಧಕ್ಕಲ್ಲ. ಉಣ್ಣುತ್ತಿದ್ದ ಗಂಡನಿಗೆ ಕುಡಿಯುವ ನೀರು ತರುವುದಕ್ಕೆ. ಕಿಂಡಿಯ ಸಮೀಪದಲ್ಲಿ ತಣ್ಣೀರು ದೋಣಿಯೆಂಬ ನೀರಿನ ತಾಣವು ಇಂದಿಗೂ ಇರುವುದು. ಮಳೆಯು ಅಳತೆ ಮಾಡಿ ಸುರಿದಂತೆ ಬೀಳುವ ಈ ಸೀಮೆಯಲ್ಲಿ, ಕಲ್ಲುಗುಡ್ಡದ ಮೇಲೆ ಆ ನೀರು ಹೇಗೆ ನಿಂತಿತು ಎಂಬ ಪ್ರಶ್ನೆಯನ್ನು ಕೇಳುವ ಪಾಠಪುಸ್ತಕವು ವಿರಳ.

ಈ ಪ್ರಶ್ನೆಯನ್ನು ಕೇಳಿದೊಡನೆ ಕೋಟೆಯ ಸ್ವರೂಪವೇ ಬೇರೆಯಾಗಿ ತೋರತೊಡಗುವುದು. ಬೆಟ್ಟದ ಮೇಲೆ ಬಿದ್ದ ಮಳೆಯು ಬಂಡೆಗಳ ಮೇಲಿಂದ ಹರಿದು ಗೋಪಾಲಸ್ವಾಮಿ ಹೊಂಡವನ್ನು ಸೇರುವುದು. ಅದು ತುಂಬಿ ಹೆಚ್ಚಾದುದು ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಕೆಳಗೆ ಪೇಟೆಯ ಸಿಹಿನೀರು ಹೊಂಡ, ಅದರಿಂದ ಮುಂದೆ ಸಂತೆಹೊಂಡ. ಒಂದು ಹನಿಯೂ ಒಮ್ಮೆ ಮಾತ್ರ ಉಪಯೋಗವಾಗಿ ಹಾಳಾಗದಂತೆ ಮೇಲಿನದು ಕೆಳಗಿನದನ್ನು ತುಂಬಿಸುವ ಈ ಏರ್ಪಾಡನ್ನು ಕಂಡವರಿಗೆ ಪಾಳೆಯಗಾರರು ಬರಿಯ ಕತ್ತಿ ಹಿಡಿದವರಲ್ಲವೆಂಬುದು ಮನದಟ್ಟಾಗುವುದು. ಕೋಟೆಯ ಬತೇರಿಗಳನ್ನು ಎಣಿಸಿಕೊಂಡು ಬರುವ ವಿದ್ಯಾರ್ಥಿಯು ಈ ಹೊಂಡಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಿನ ನಡೆದು ನೋಡಿದರೆ, ಆ ಒಂದು ದಿನದ ನಡಿಗೆಯು ಒಂದು ಅಧ್ಯಾಯಕ್ಕೆ ಸಮನಾದೀತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಈ ನಾಲ್ಕು ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ನಾಡು. ಮುಂಗಾರಿನ ಮೋಡಗಳು ಮಲೆನಾಡಿನಲ್ಲಿಯೇ ತಮ್ಮ ಭಾರವನ್ನು ಇಳಿಸಿ ಬರಿಗೈಯಲ್ಲಿ ಇತ್ತ ಬರುವುವು. ಪಶ್ಚಿಮದ ಹೊಳಲ್ಕೆರೆಗೆ ಕೊಂಚ ಹೆಚ್ಚು ಮಳೆ, ಪೂರ್ವದ ಹಿರಿಯೂರಿಗೆ ಕಡಿಮೆ. ರೈತನು ನಿಜವಾಗಿ ನಂಬುವುದು ಉತ್ತರೆ, ಹಸ್ತ, ಚಿತ್ತೆಯ ಮಳೆಗಳನ್ನು. ಎರೆಭೂಮಿಯಲ್ಲಿ ಹತ್ತಿ ಜೋಳಗಳು, ಕೆಂಪು ನೆಲದಲ್ಲಿ ರಾಗಿ, ಸಾವೆ, ನವಣೆ, ಅಕ್ಕಡಿಯ ಸಾಲಿನಲ್ಲಿ ಅವರೆ ತೊಗರಿಗಳು, ತಗ್ಗಿನಲ್ಲಿ ಕೆರೆಯ ಹಿಂದೆ ಗದ್ದೆ ತೋಟಗಳು, ಏರಿನ ಮೇಲೆ ದನಕುರಿಗಳ ಹುಲ್ಲುಗಾವಲು. ಇದು ಯಾವ ಅರಸನ ನಿರೂಪದಿಂದಲೂ ಆದುದಲ್ಲ. ನೂರಾರು ತಲೆಮಾರುಗಳು ಮಳೆಗೂ ಮಣ್ಣಿಗೂ ಹೊಂದಿಕೊಂಡು ಮಾಡಿದ ವಿಂಗಡಣೆ. ಇಂತಹ ಸೀಮೆಯ ಚರಿತ್ರೆಯೆಂದರೆ ನೀರನ್ನು ನಿಲ್ಲಿಸಿದವರ ಮತ್ತು ನೆಲವನ್ನು ಹಂಚಿಕೊಂಡವರ ಚರಿತ್ರೆಯೇ ಹೊರತು ಬೇರೆಯಲ್ಲ. ಪಟ್ಟವೇರಿದವರ ವಂಶಾವಳಿಯು ಅದರಲ್ಲಿ ಒಂದು ಭಾಗ ಮಾತ್ರ.

ಇದಕ್ಕೆ ಸಾಕ್ಷಿಯು ದೂರದಲ್ಲಿಲ್ಲ. ದುರ್ಗದ ಬೆಟ್ಟದ ಬುಡದಲ್ಲಿಯೇ ಇರುವ ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣರು 1929ರಲ್ಲಿ ಉತ್ಖನನ ನಡೆಸಿದರು. ಸಾತವಾಹನರ ನಾಣ್ಯಗಳೂ ರೋಮದೇಶದ ನಾಣ್ಯಗಳೂ ಅಲ್ಲಿ ದೊರೆತುವು. 1947ರಲ್ಲಿ ವ್ಹೀಲರ್ ಎಂಬ ಆಂಗ್ಲ ವಿದ್ವಾಂಸನು ಮತ್ತೆ ಅಗೆಯಿಸಿದನು. ಆದರೆ ಎಲ್ಲಕ್ಕಿಂತ ಮಿಗಿಲಾದುದು ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕೃಷ್ಣರು ಓದಿದ ಪ್ರಾಕೃತ ಶಾಸನ. ಅದು ಕದಂಬವಂಶದ ಮೂಲಪುರುಷನಾದ ಮಯೂರಶರ್ಮನದು. ಕ್ರಿ.ಶ. ನಾಲ್ಕನೆಯ ಶತಮಾನದ ಆ ಮೂರು ಸಾಲುಗಳಲ್ಲಿ ಅವನು ಗೆದ್ದ ಅರಸರ ಹೆಸರುಗಳಿವೆಯೆ ಇಲ್ಲವೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಭಿನ್ನಾಭಿಪ್ರಾಯವುಂಟು. ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಶಾಸನವು ಒಂದು ತಟಾಕದ, ಎಂದರೆ ಕೆರೆಯ, ಶಾಸನ. ಕನ್ನಡನಾಡಿನ ಮೊದಲ ಸ್ವತಂತ್ರ ರಾಜವಂಶದ ಮೊದಲ ಅರಸನು ಈ ನೆಲದಲ್ಲಿ ಬಿಟ್ಟುಹೋದ ಗುರುತು ಒಂದು ಕೆರೆ. ಬನವಾಸಿಯ ಕದಂಬರೆಂದು ಬಾಯಿಪಾಠ ಮಾಡುವ ದುರ್ಗದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ಶಾಲೆಯಿಂದ ಅರ್ಧ ಗಳಿಗೆಯ ದಾರಿಯಲ್ಲಿರುವ ಈ ಬಂಡೆಯ ಮುಂದೆ ನಿಂತಿದ್ದಾರೆ? ಈ ಪಟ್ಟಣದವರೇ ಆದ ಹುಲ್ಲೂರು ಶ್ರೀನಿವಾಸ ಜೋಯಿಸರು ತಮ್ಮ ಆಯುಷ್ಯವನ್ನೆಲ್ಲಾ ಇಂತಹ ಕುರುಹುಗಳನ್ನು ಹುಡುಕುವುದರಲ್ಲಿ ಸವೆಯಿಸಿದರು. ಅವರ ಸಂಗ್ರಹವು ಸರ್ಕಾರದ ವಸ್ತುಸಂಗ್ರಹಾಲಯಕ್ಕೆ ಸಂದಿತು. ಅವರ ಕುತೂಹಲವು ಶಾಲೆಗಳಿಗೆ ಸಂದಿತೆಂದು ಹೇಳುವಂತಿಲ್ಲ.

ಶಿಲಾಶಾಸನದ ಲಿಪಿಯನ್ನು ಓದುವುದು ಪಂಡಿತರ ಕೆಲಸವಾದರೂ ಊರ ಹೆಸರನ್ನು ಓದುವುದಕ್ಕೆ ಪಾಂಡಿತ್ಯ ಬೇಡ. ಹೊಳಲ್ಕೆರೆಯೆಂಬ ಹೆಸರಿನಲ್ಲಿ ಪಟ್ಟಣವೆಂಬರ್ಥದ ಪೊಳಲ್ ಎಂಬ ಹಳಗನ್ನಡ ಶಬ್ದವೂ ಕೆರೆಯೂ ಸೇರಿಕೊಂಡಿವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯು ಪಿರಿದಾದ ಕೆರೆ. ಅಲ್ಲಿ ಹೊಯ್ಸಳರ ಕಾಲದ ಜಿನಾಲಯವುಂಟು. ತರಳಬಾಳು ಬೃಹನ್ಮಠದಿಂದ ಪ್ರಸಿದ್ಧವಾದ ಸಿರಿಗೆರೆಯ ಹೆಸರಿನಲ್ಲಿಯೂ ಕೆರೆಯೇ ಇದೆ. ಭರಮಸಾಗರ, ಭೀಮಸಮುದ್ರಗಳಂತೂ ಕೆರೆಗಳನ್ನು ಕಡಲಿಗೇರಿಸಿದ ಹೆಸರುಗಳು. ಕಡಲನ್ನು ಕಾಣದ ನಾಡಿನವರು ತಮ್ಮ ಕೆರೆಗಳನ್ನು ಸಾಗರ ಸಮುದ್ರಗಳೆಂದು ಕರೆದುದರಲ್ಲಿ ಅತಿಶಯೋಕ್ತಿಗಿಂತ ಕೃತಜ್ಞತೆಯೇ ಹೆಚ್ಚಾಗಿದ್ದಿತು.

ಬಿ. ಎಲ್. ರೈಸ್ ಮಹಾಶಯರು ಸಂಪಾದಿಸಿದ ಕರ್ನಾಟಕ ಶಾಸನಸಂಪುಟಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು. ಅದು 1903ರಲ್ಲಿ ಹೊರಬಂದಿತು. ಅದನ್ನು ತಿರುವಿ ಹಾಕಿದವರಿಗೆ ಒಂದು ಸಂಗತಿಯು ಎದ್ದು ಕಾಣುವುದು. ದಾನಶಾಸನಗಳಲ್ಲಿ ಬಿಟ್ಟ ಭೂಮಿಯನ್ನು ಬರಿದೆ ಭೂಮಿಯೆಂದು ಹೇಳುವುದು ಅಪರೂಪ. ಕೆರೆಯ ಕೆಳಗಿನ ಗದ್ದೆಯೆಂದೋ, ಮಳೆಯನ್ನು ನಂಬಿದ ಬೆದ್ದಲೆಂದೋ, ತೋಟವೆಂದೋ ವಿವರಿಸಿಯೇ ಹೇಳುವುದು ವಾಡಿಕೆ. ಈಗ ಪ್ರತಿಯೊಬ್ಬ ರೈತನ ಮನೆಯಲ್ಲಿಯೂ ಇರುವ ಪಹಣಿಯನ್ನು ಅದರ ಪಕ್ಕದಲ್ಲಿಟ್ಟು ನೋಡತಕ್ಕದ್ದು. ತರಿ, ಖುಷ್ಕಿ, ಬಾಗಾಯ್ತು ಎಂಬ ಮೂರು ಶಬ್ದಗಳು ಅದರಲ್ಲಿ ಇರುವುವು. ಶಬ್ದಗಳು ಮುಸಲ್ಮಾನ ದೊರೆಗಳ ಕಚೇರಿಗಳಿಂದ ಬಂದ ಪಾರಸೀಕ ಶಬ್ದಗಳು. ಅರ್ಥವು ಮಾತ್ರ ಶಾಸನಗಳ ಗದ್ದೆ, ಬೆದ್ದಲು, ತೋಟಗಳೇ. ರಾಜ್ಯಗಳು ಹೋದುವು, ಭಾಷೆಗಳು ಬದಲಾದುವು, 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಭೂಮಾಪನದಿಂದ ಪ್ರತಿ ಹೊಲಕ್ಕೂ ಒಂದು ನಂಬರು ಬಂದಿತು, ಈಗ ಆ ನಂಬರು ಗಣಕಯಂತ್ರವನ್ನೂ ಸೇರಿತು. ಆದರೂ ನೆಲದ ಮೂರು ವಿಧ ಮಾತ್ರ ಬದಲಾಗಲಿಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿಯು ತನ್ನ ತಂದೆಯ ಪಹಣಿಯನ್ನು ಶಾಲೆಗೆ ತಂದು ಶಾಸನದ ಮುದ್ರಿತ ಪಾಠದೊಡನೆ ಹೋಲಿಸಿ ನೋಡಿದ ಪಕ್ಷದಲ್ಲಿ, ಚರಿತ್ರೆಯು ಸತ್ತವರ ವಿಷಯವೆಂಬ ಅವನ ಭಾವನೆಯು ಆ ಹೊತ್ತಿಗೇ ನೀಗುವುದು.

ದುರ್ಗದ ನಾಯಕರಲ್ಲಿ ಭರಮಣ್ಣನಾಯಕನು (1689–1721) ಶರಣಧರ್ಮದ ಭಕ್ತರಿಗೆ ವಿಶೇಷವಾಗಿ ಸ್ಮರಣೀಯನು. ಮುರುಘಾಮಠವು ಶ್ರೀ ಶಾಂತವೀರ ಸ್ವಾಮಿಗಳಿಗಾಗಿ ಅವನ ಕಾಲದಲ್ಲಿ ಕಟ್ಟಿಸಲ್ಪಟ್ಟಿತೆಂಬುದು ಪ್ರಸಿದ್ಧವಾಗಿದೆ. ಅವನ ಹೆಸರನ್ನೇ ಹೊತ್ತ ಭರಮಸಾಗರವು ಕೆರೆಯ ಊರು. ಮಠವನ್ನು ಕಟ್ಟಿಸಿದ ಕೈಯೇ ಕೆರೆಯನ್ನೂ ಕಟ್ಟಿಸಿದುದು ಆಕಸ್ಮಿಕವಲ್ಲ. ದಾಸೋಹವು ನಡೆಯಬೇಕಾದರೆ ಧಾನ್ಯವು ಬೇಕು, ಧಾನ್ಯಕ್ಕೆ ನೀರು ಬೇಕು ಎಂಬ ಲೆಕ್ಕವನ್ನು ಆ ಕಾಲದವರು ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ.

ಈ ನಾಯಕರ ಅಂತ್ಯವನ್ನು ಪಾಠಪುಸ್ತಕಗಳು 1779 ಎಂಬ ಒಂದು ಇಸವಿಯಲ್ಲಿ ಮುಗಿಸಿಬಿಡುವುವು. ಹೈದರನು ದುರ್ಗವನ್ನು ಹಿಡಿದನು, ಕಡೆಯ ಮದಕರಿನಾಯಕನು ಸೆರೆಯಾದನು ಎಂಬಲ್ಲಿಗೆ ಪಾಠವು ಸಮಾಪ್ತಿ. ಆದರೆ ಸೋಲಿನ ಮರುದಿನ ಹೊಲಗಳ ಗತಿ ಏನಾಯಿತು? ಸುಮಾರು 20,000 ಜನರನ್ನು ಈ ಸೀಮೆಯಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದೂ, ಅವರಲ್ಲಿನ ಬಾಲಕರನ್ನು ಚೇಲಾ ದಂಡಿನಲ್ಲಿ ಸೇರಿಸಿದರೆಂದೂ ಇತಿಹಾಸಕಾರನಾದ ವಿಲ್ಕ್ಸನು ಬರೆದಿದ್ದಾನೆ. ಆ ಕುಟುಂಬಗಳು ಉಳುತ್ತಿದ್ದ ಹೊಲ, ಕಾಯುತ್ತಿದ್ದ ಮಂದೆ, ಕಟ್ಟುತ್ತಿದ್ದ ಏರಿಗಳು ಒಂದೇ ವರ್ಷದಲ್ಲಿ ಅನಾಥವಾದುವೆಂದು ಊಹಿಸುವುದು ಕಷ್ಟವಲ್ಲ. ಟಿಪ್ಪುವಿನ ಪತನಾನಂತರ 1801ರಲ್ಲಿ ಬುಕಾನನ್ ಎಂಬ ವೈದ್ಯನು ಆಂಗ್ಲರ ಅಪ್ಪಣೆಯಂತೆ ಹಿರಿಯೂರು ಚಿತ್ರದುರ್ಗಗಳಲ್ಲಿ ಸಂಚರಿಸಿ ಬೆಳೆ, ಮಣ್ಣು, ನೇಗಿಲು, ಕಂದಾಯಗಳ ವಿವರಗಳನ್ನು ಬರೆದಿಟ್ಟನು. 1807ರಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಪರದೇಶೀಯನು ಕುದುರೆಯ ಮೇಲಿಂದ ಇಳಿದು ಹಳ್ಳಿಯ ಒಕ್ಕಲಿಗನನ್ನು ಕೇಳಿ ಬರೆದುಕೊಂಡ ಸಂಗತಿಗಳನ್ನು, ಅದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಯು ತನ್ನ ಅಜ್ಜನನ್ನು ಕೇಳಿ ಏಕೆ ಬರೆದುಕೊಳ್ಳಬಾರದು?

ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುವುದು. ಮಣ್ಣು ಹೊತ್ತವನ ಹೆಸರು ನಿಲ್ಲದು. ಈ ಮಾತು ಮಠದ ಭಕ್ತರಿಗೆ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಸ್ವತಃ ಕೆರೆಯನ್ನು ಅಗೆಯಿಸಿದ ಶಿವಯೋಗಿಗಳು. ಅಲ್ಲಮಪ್ರಭುಗಳು ಬಂದು ಅವರನ್ನು ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವನ್ನು ಕೇಳದವರಿಲ್ಲ. ಪ್ರಭುಗಳು ತಿದ್ದಿದುದು ಕೆರೆಯನ್ನು ಕಟ್ಟಿಸಿದೆನೆಂಬ ಅಭಿಮಾನವನ್ನೇ ಹೊರತು ಕೆರೆಯನ್ನಲ್ಲವೆಂಬುದನ್ನು ಬಾಲಕರಿಗೆ ತಿಳಿಯಹೇಳಬೇಕು. ಕಲ್ಲನ್ನು ಒಡೆದು ಮಣ್ಣನ್ನು ಅಗೆದು ನಾಡಿನ ಏರಿಗಳನ್ನೆಲ್ಲ ಕಟ್ಟಿದ ಭೋವಿ ಜನಾಂಗವು ಆ ಸಿದ್ಧರಾಮರನ್ನೇ ತಮ್ಮ ಗುರುವೆಂದು ನಂಬಿರುವುದೂ, ಆ ಗುರುಪೀಠವು ಚಿತ್ರದುರ್ಗದಲ್ಲಿಯೇ ಇರುವುದೂ ಅರ್ಥವತ್ತಾದುದು. ನೆರೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಕೆರೆಯ ಕೆಲಸಕ್ಕೆ ಬಂದವರಿಗೆ ಮರಳಿನ ಗುಡ್ಡೆಗಳನ್ನು ಮಾಡಿ ಎತ್ತಿಕೊಳ್ಳಹೇಳಿದರೆಂದೂ, ಅವರವರು ದುಡಿದಷ್ಟೇ ಕೂಲಿಯು ಅವರವರ ಗುಡ್ಡೆಯಲ್ಲಿ ದೊರೆಯಿತೆಂದೂ ಭಕ್ತರು ಹೇಳುವರು. ಪವಾಡವೆಂದು ಕೈಮುಗಿಯುವವರು ಮುಗಿಯಲಿ. ಕೂಲಿಯ ನ್ಯಾಯವನ್ನು ಕುರಿತ ಆ ಕಾಲದ ಜನರ ಹಂಬಲವು ಅದರಲ್ಲಿ ಅಡಗಿದೆಯೆಂಬುದನ್ನು ಉಪಾಧ್ಯಾಯರು ಮರೆಯಬಾರದು. ಏಕೆಂದರೆ ಎಲ್ಲ ಕೆರೆಗಳೂ ಕೂಲಿ ಕೊಟ್ಟು ಕಟ್ಟಿದುವಲ್ಲ. ಬಿಟ್ಟಿಯ ದುಡಿಮೆಯೂ ಇದ್ದಿತು. ಕೆರೆಗೆ ಹಾರವೆಂದು ಹೆಸರಾದ ಜನಪದಗೀತೆಯಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನು ಬಲಿಗೊಟ್ಟ ದಾರುಣ ವೃತ್ತಾಂತವುಂಟು. ಪೂರ್ವಿಕರ ಹಿರಿಮೆಯನ್ನು ಮಾತ್ರ ಹೇಳಿ ಇದನ್ನು ಮುಚ್ಚಿಡುವುದು ಚರಿತ್ರೆಯ ಬೋಧನೆಯಾಗದು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರನಾಗಿದ್ದ ಸ್ಯಾಂಕಿಯು, ಈ ದೇಶದಲ್ಲಿ ಹೊಸ ಕೆರೆಯೊಂದಕ್ಕೆ ತಕ್ಕ ಸ್ಥಳವನ್ನು ಕಂಡುಹಿಡಿಯುವುದೇ ಕಷ್ಟವೆನ್ನುವಷ್ಟು ಕೆರೆಗಳು ಆಗಲೇ ತುಂಬಿವೆಯೆಂದು ಬೆರಗಾದನು. ಆದರೂ 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು ಆ ಕೆರೆಗಳು ತಡೆಯಲಾರದೆ ಹೋದುವು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಮಳೆಯೇ ಬಾರದಿದ್ದರೆ ಕೆರೆಯಾದರೂ ಏನು ಮಾಡೀತು? ಈ ಭೀತಿಯ ನೆನಪಿನಿಂದಲೇ ದೊಡ್ಡ ಜಲಾಶಯಗಳ ಯೋಚನೆಯು ಬಲಗೊಂಡಿತು. ಬಾಬಾಬುಡನ್ ಗಿರಿಗಳ ಕಡೆಯಿಂದ ಬರುವ ವೇದಾ, ಅವತಿ ಎಂಬ ಹಳ್ಳಗಳು ಕೂಡಿ ವೇದಾವತಿಯಾಗಿ, ಹಿರಿಯೂರು ಸೀಮೆಯಲ್ಲಿ ಎರಡು ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ನುಸುಳುವುದು. ಮಾರಮ್ಮನ ಗುಡಿಯಿಂದ ಮಾರಿಕಣಿವೆಯೆಂದು ಹೆಸರಾದ ಆ ಸ್ಥಳದಲ್ಲಿ 1898ರಲ್ಲಿ ಕಟ್ಟೆಯ ಕೆಲಸವು ಆರಂಭವಾಗಿ 1907ರಲ್ಲಿ ಮುಗಿಯಿತು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ ತೊಡಗಿದ ಕೆಲಸವಿದು. ಆಗ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಕನ್ನಂಬಾಡಿಯ ಕಟ್ಟೆಯು ಏಳುವವರೆಗೆ ಸಂಸ್ಥಾನದಲ್ಲಿ ಇದಕ್ಕೆ ಸರಿಯಾದ ಜಲಾಶಯವಿರಲಿಲ್ಲ. 130 ಅಡಿಗಳ ಮಟ್ಟಕ್ಕೆ ತುಂಬಿದರೆ ಸುಮಾರು 30 ಟಿ.ಎಂ.ಸಿ. ನೀರು ನಿಲ್ಲುವುದು.

ತುಂಬಿದರೆ ಎಂಬ ಮಾತಿನಲ್ಲಿಯೇ ಈ ಸೀಮೆಯ ಚರಿತ್ರೆಯೆಲ್ಲವೂ ಇದೆ. ಕಟ್ಟೆಯು ಮೊದಲ ಸಲ ಕೋಡಿ ಬಿದ್ದುದು 1933ರಲ್ಲಿ. ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷಗಳು. ಕೋಡಿಯನ್ನು ಕಂಡ ಅಜ್ಜನ ಮಾತನ್ನು ಮೊಮ್ಮಗನು ಮುದುಕನಾಗುವವರೆಗೂ ಕಥೆಯಾಗಿಯೇ ಕೇಳಿದನು. ಈ ನಡುವೆ ಮೇಲಿನ ನಾಡಿನಲ್ಲಿ ಹಳ್ಳಗಳಿಗೆ ಅಡ್ಡಲಾಗಿ ಕಟ್ಟೆಗಳಾದುವು, ಕೊಳವೆಬಾವಿಗಳಾದುವು, ವೇದಾವತಿಯು ಸೊರಗಿದಳು. 2017ರ ಸುಮಾರಿಗೆ ಜಲಾಶಯವು ತಳ ಕಾಣುವಂತಾಗಿ ಹಿರಿಯೂರಿನ ತೆಂಗಿನ ತೋಟಗಳು ನಿಂತಲ್ಲಿಯೇ ಒಣಗಿದುವು. 2019ರಿಂದೀಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರು ಅಜ್ಜಂಪುರದ ಸುರಂಗವನ್ನು ದಾಟಿ ವೇದಾವತಿಯನ್ನು ಸೇರತೊಡಗಿತು. 2022ರ ದೊಡ್ಡ ಮಳೆಯೂ ಕೂಡಿಬಂದು ಕಟ್ಟೆಯು ತುಂಬಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಹಿರಿಯೂರಿನವರು ತಂಡೋಪತಂಡವಾಗಿ ಹೋಗಿ ಗಂಗೆಗೆ ಬಾಗಿನವನ್ನು ಅರ್ಪಿಸಿದರು. ಅದೇ ಹೊತ್ತಿನಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳಿಗೆ ನುಗ್ಗಿ ಅಲ್ಲಿಯ ರೈತರು ಕಂಗಾಲಾದರು. ಒಂದೇ ನೀರು, ಎರಡು ತಾಲ್ಲೂಕು. ಒಬ್ಬರ ಮಂಗಳವು ಇನ್ನೊಬ್ಬರ ನಷ್ಟವಾದ ಈ ಪ್ರಸಂಗವನ್ನು ಹಿರಿಯೂರಿನ ಶಾಲೆಯಲ್ಲಿಯೂ ಹೊಸದುರ್ಗದ ಶಾಲೆಯಲ್ಲಿಯೂ ಒಂದೇ ದಿನ ಪಾಠ ಮಾಡಿ, ಎರಡು ಕಡೆಯ ಮಕ್ಕಳೂ ಪರಸ್ಪರ ಪತ್ರ ಬರೆದುಕೊಂಡರೆ ಎಷ್ಟು ಚೆನ್ನ!

ಕೆರೆಗಳಿಗಾದರೋ ಬೇರೊಂದು ಬಗೆಯ ಪೆಟ್ಟು ತಗಲಿತು. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಅವನಿಗೆ ಸಂಬಳವಿರಲಿಲ್ಲ, ಉಂಬಳಿಯ ಹೊಲವೂ ಸುಗ್ಗಿಯಲ್ಲಿ ಒಕ್ಕಲುಗಳು ಕೊಡುವ ಆಯವೂ ಇದ್ದುವು. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡುವ 1961ರ ಕಾನೂನು 1963ರಲ್ಲಿ ಜಾರಿಗೆ ಬಂದಿತು. ಹುಟ್ಟಿನಿಂದ ಒಬ್ಬನನ್ನು ತಳವಾರನನ್ನಾಗಿಯೂ ತೋಟಿಯನ್ನಾಗಿಯೂ ಕಟ್ಟಿಹಾಕಿದ್ದ ಪದ್ಧತಿಯು ಹೋದುದು ಬಸವಣ್ಣನವರ ಅನುಯಾಯಿಗಳು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ನೀರುಗಂಟಿಯ ಹುದ್ದೆಯೊಡನೆ ಅವನ ವಿದ್ಯೆಯೂ ಹೋಯಿತು. ಆ ಸ್ಥಾನಕ್ಕೆ ಇನ್ನೊಬ್ಬರನ್ನು ಯಾರೂ ನೇಮಿಸಲಿಲ್ಲ. ಏರಿಯ ಮೇಲೆ ಜಾಲಿ ಬೆಳೆಯಿತು, ತೂಬು ಹೂಳಿನಲ್ಲಿ ಮುಚ್ಚಿತು.

ಇನ್ನು ಮಠಗಳ ಭೂಮಿಯ ವಿಷಯ. ಸ್ಮರಣಸಂಪುಟಗಳಲ್ಲಿ ಇದನ್ನು ಮೆಲ್ಲನೆ ದಾಟಿಹೋಗುವುದು ರೂಢಿ. ನಾಯಕರೂ ಒಡೆಯರೂ ಮಠಮಾನ್ಯಗಳಿಗೆ ಉಂಬಳಿ ಬಿಟ್ಟ ಭೂಮಿಗಳನ್ನು ಉತ್ತವರು ಗೇಣಿದಾರರು. 1955ರ ಧಾರ್ಮಿಕ ಇನಾಮು ರದ್ದಿಯಾತಿಯ ಕಾನೂನು, ಅನಂತರ 1974ರ ಭೂಸುಧಾರಣೆ, ಇವುಗಳಿಂದ ಆ ಭೂಮಿಯ ಬಹುಭಾಗವು ಉಳುವವರದಾಯಿತು. ಮಠಗಳ ಆದಾಯವು ಕುಗ್ಗಿತೆಂದು ಆಗ ವ್ಯಸನಪಟ್ಟವರಿದ್ದರು. ಆದರೆ ಭೂಮಿಯು ಹೋದ ಮೇಲೆಯೂ ದಾಸೋಹವು ನಿಲ್ಲಲಿಲ್ಲ. ಭಕ್ತರ ಕಾಣಿಕೆಯಿಂದಲೂ ಭಿಕ್ಷಾಟನೆಯಿಂದಲೂ ಶಾಲೆಗಳೂ ಪ್ರಸಾದನಿಲಯಗಳೂ ಬೆಳೆದುವು. ಅದಕ್ಕೂ ಮೊದಲೇ ಶ್ರೀ ಜಯದೇವ ಜಗದ್ಗುರುಗಳು ಊರೂರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದು ದಾರಿಯನ್ನು ತೋರಿಸಿದ್ದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ತಿರುಕನೆಂದು ತಮ್ಮನ್ನು ಕರೆದುಕೊಂಡು ಬೇಡಿಯೇ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಉಳುತ್ತಿದ್ದ ಗೇಣಿದಾರನ ಮೊಮ್ಮಗನೂ ಭೂಮಿಯನ್ನು ಕಳೆದುಕೊಂಡ ಮಠದ ಶಾಲೆಯ ಉಪಾಧ್ಯಾಯನೂ ಒಂದೇ ಕೊಠಡಿಯಲ್ಲಿ ಕುಳಿತು ಈ ಸಂಗತಿಯನ್ನು ಓದುವಂತಾದರೆ ಮಠದ ಘನತೆಗೆ ಕುಂದೇನೂ ಬಾರದು.

ಹುಲ್ಲುಗಾವಲುಗಳ ವೃತ್ತಾಂತವು ಚಿಕ್ಕದಾದರೂ ಬಿಡತಕ್ಕುದಲ್ಲ. ಮೈಸೂರು ಒಡೆಯರ ಬೆಣ್ಣೆಚಾವಡಿಯ ದನಗಳಿಗೆ ಅಮೃತಮಹಲೆಂಬ ಹೆಸರನ್ನಿಟ್ಟವನು ಟಿಪ್ಪು. ಅವುಗಳಿಗಾಗಿ ಮೀಸಲಾದ ಕಾವಲುಗಳು ಈ ಸೀಮೆಯಲ್ಲೆಲ್ಲ ಹರಡಿದ್ದುವು. ಕಾಡುಗೊಲ್ಲರ ಹಟ್ಟಿಗಳ ಕುರಿದನಗಳೂ ಅಲ್ಲಿಯೇ ಮೇದುವು. ಸರ್ಕಾರದ ಕಾಗದದಲ್ಲಿ ಬೀಳು ಎಂದು ಬರೆದಮಾತ್ರಕ್ಕೆ ಒಂದು ಭೂಮಿಯು ನಿರುಪಯೋಗಿಯಾಗದು. ಚಳ್ಳಕೆರೆಯ ಕಡೆ 2008ರ ಅನಂತರ ಸುಮಾರು 10,000 ಎಕರೆ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಬರಿದಾದ ನೆಲವೆಂದು ಎಣಿಸಿದವರಿಗೂ ಅಲ್ಲಿ ಕುರಿ ಕಾಯುತ್ತಿದ್ದವರಿಗೂ ದೊಡ್ಡ ವ್ಯಾಜ್ಯವೇ ನಡೆಯಿತು.

ಈಗ ಈ ನಾಲ್ಕು ತಾಲ್ಲೂಕುಗಳ ನೆಲವು ಇನ್ನೊಮ್ಮೆ ಮಗ್ಗುಲು ಬದಲಾಯಿಸುತ್ತಿರುವುದು. ಭೀಮಸಮುದ್ರದ ಕೆರೆಯ ಆಸರೆಯಲ್ಲಿ ಹಿಂದಿನಿಂದ ಇದ್ದ ಅಡಿಕೆಯು ಕೊಳವೆಬಾವಿಯ ಬಲದಿಂದ ಬೆದ್ದಲಿಗೂ ಹತ್ತಿತು. ರಾಗಿ ಸಾವೆಗಳ ಹೊಲದಲ್ಲಿ ಮಲೆನಾಡಿನ ಮರವು ನಿಂತಿತು. ಕೇಂದ್ರ ಅಂತರ್ಜಲ ಮಂಡಲಿಯ ಗಣನೆಗಳಲ್ಲಿ ಈ ತಾಲ್ಲೂಕುಗಳು ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ಎತ್ತುವ ಪ್ರದೇಶಗಳೆಂದು ಪದೇ ಪದೇ ಕಾಣಿಸಿಕೊಂಡಿವೆ. ಭದ್ರಾ ಮೇಲ್ದಂಡೆಯು ಹನಿನೀರಾವರಿಗಾಗಿಯೇ ರೂಪಿತವಾದ ಯೋಜನೆ. 2023ರ ಕೇಂದ್ರ ಆಯವ್ಯಯದಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾಯಿತು. ಆ ನೀರು ಹೊಲಕ್ಕೆ ಬಂದ ದಿನ ಏನನ್ನು ಬಿತ್ತಬೇಕು, ಕೆರೆಯನ್ನು ಉಳಿಸಿಕೊಳ್ಳಬೇಕೆ ಬೇಡವೆ, ಗೋಮಾಳವನ್ನು ಏನು ಮಾಡಬೇಕು ಎಂಬುದನ್ನು ನಿರ್ಣಯಿಸತಕ್ಕವರು ಇಂದು ಎಂಟನೆಯ, ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿ ಕುಳಿತಿರುವರು. ಈ ವಿದ್ಯೆಯನ್ನು ಕಾಲೇಜಿಗೆ ಮುಂದೂಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣವು ಬೇಕಿಲ್ಲ. ಹತ್ತನೆಯ ತರಗತಿಯೊಡನೆ ಹೊಲಕ್ಕೆ ಹಿಂತಿರುಗುವವರು ಇನ್ನೂ ಉಂಟು. ಮುಂದೆ ಓದುವವರು ಊರನ್ನೇ ಬಿಡುವರು.

ಬೋಧಿಸುವ ಕ್ರಮವು ಕಠಿನವಲ್ಲ, ವೆಚ್ಚದ್ದೂ ಅಲ್ಲ. ಗ್ರಾಮನಕ್ಷೆಯ ಪ್ರತಿಯೊಂದು, ಉದ್ದದ ಹಗ್ಗವೊಂದು, ಬರೆಯುವ ಪುಸ್ತಕವೊಂದು ಸಾಕು. ವಿದ್ಯಾರ್ಥಿಗಳು ಏರಿಯ ಉದ್ದವನ್ನು ಅಳೆಯಲಿ, ತೂಬನ್ನೂ ಕೋಡಿಯನ್ನೂ ಗುರುತಿಸಲಿ, ನಕ್ಷೆಯಲ್ಲಿರುವ ರಾಜಕಾಲುವೆಯು ನೆಲದ ಮೇಲೆ ಇದೆಯೆ ಎಂದು ನಡೆದು ನೋಡಲಿ. ಇಲ್ಲದಿದ್ದರೆ ಅದು ಯಾರ ಹೊಲದೊಳಗೆ ಸೇರಿತೆಂಬುದನ್ನು ಬರೆಯುವಾಗ ಉಪಾಧ್ಯಾಯರಿಗೆ ಎದೆಗಾರಿಕೆಯು ಬೇಕಾದೀತು. ಒತ್ತುವರಿದಾರನು ಅನೇಕ ವೇಳೆ ಶಾಲೆಯ ದಾನಿಯೇ ಆಗಿರುವನು. ಅಜ್ಜಿಯರನ್ನು ಕೇಳಿ ಅವರ ಬಾಲ್ಯದಲ್ಲಿ ಯಾವ ಹೊಲದಲ್ಲಿ ಯಾವ ಬೆಳೆಯಿದ್ದಿತೆಂದು ನಕ್ಷೆಯಲ್ಲಿ ಬಣ್ಣ ಹಾಕಲಿ, ಅದರ ಪಕ್ಕದಲ್ಲಿ ಈ ವರ್ಷದ ಬೆಳೆಯ ನಕ್ಷೆಯನ್ನೂ ಹಚ್ಚಲಿ. ಪರೀಕ್ಷೆಯ ಅಂಕಗಳಿಗೆ ಇದು ಒದಗದೆಂದು ಆಕ್ಷೇಪಿಸುವವರು ಇದ್ದೇ ಇರುವರು. ಮಾರಿಕಣಿವೆಯ ನೀರಿನ ಲೆಕ್ಕವನ್ನು ಮಾಡಿದ ಹುಡುಗನಿಗೆ ಗಣಿತದಲ್ಲಿ ಅಂಕ ಕಡಿಮೆಯಾದೀತೆಂದು ನಂಬುವುದು ಕಷ್ಟ.

ಮಠದ ಶಾಲೆಗಳಿಗೆ ಈ ಕಾರ್ಯದಲ್ಲಿ ವಿಶೇಷವಾದ ಅನುಕೂಲವೊಂದುಂಟು. ಹಳೆಯ ಕಡತಗಳೂ ದಾನಪತ್ರಗಳೂ ಮಠಗಳ ಪೆಟ್ಟಿಗೆಗಳಲ್ಲಿ ಇರುವುವು. ಅವುಗಳಲ್ಲಿ ದಾನಕೊಟ್ಟ ಹೊಲದ ಎಲ್ಲೆಗಳನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಹೇಳಿ, ಹಳ್ಳ, ಹುಣಿಸೆಯ ಮರ, ಹುತ್ತ, ಗುಂಡುಕಲ್ಲುಗಳನ್ನು ಹೆಸರಿಸಿ, ಕಡೆಗೆ ಲಿಂಗಮುದ್ರೆಯ ಕಲ್ಲು ನೆಡಿಸಿದುದನ್ನು ಹೇಳುವ ವಾಡಿಕೆಯಿದ್ದಿತು. ಶಿವಾಲಯಗಳಿಗೂ ಮಠಗಳಿಗೂ ಬಿಟ್ಟ ಭೂಮಿಯ ಮೇರೆಯನ್ನು ತೋರಿಸುವ, ಲಿಂಗದ ಆಕೃತಿಯನ್ನು ಕೆತ್ತಿದ ಆ ಮೊಳಕಾಲೆತ್ತರದ ಕಲ್ಲುಗಳು ಬದುವಿನ ಮೇಲೆ, ಬೇಲಿಯ ಪೊದೆಯಲ್ಲಿ, ಒಮ್ಮೊಮ್ಮೆ ದನದ ಕೊಟ್ಟಿಗೆಯ ಮೆಟ್ಟಲಾಗಿ ಈಗಲೂ ಕಣ್ಣಿಗೆ ಬೀಳುವುವು. ಬದುಗಳನ್ನು ಯಂತ್ರದಿಂದ ಸಮಮಾಡುವ ಈ ದಿನಗಳಲ್ಲಿ ವರ್ಷವರ್ಷಕ್ಕೂ ಅವು ಕಡಿಮೆಯಾಗುತ್ತಿರುವುವು. ಪತ್ರದ ನಕಲನ್ನು ಕೈಯಲ್ಲಿ ಹಿಡಿದು ಹುಣಿಸೆಯ ಮರವು ಹೋಗಿರುವ ಕಡೆ ಹಳ್ಳವನ್ನೂ, ಹಳ್ಳವು ಬತ್ತಿರುವ ಕಡೆ ಗುಂಡುಕಲ್ಲನ್ನೂ ಹಿಡಿದು ಹೊರಟ ಹತ್ತು ಮಂದಿ ವಿದ್ಯಾರ್ಥಿಗಳು ಒಂದು ಸಂಜೆಯೊಳಗಾಗಿ ಅಂತಹ ಒಂದು ಕಲ್ಲನ್ನು ಹುಡುಕಿ, ಮಣ್ಣನ್ನು ತೊಳೆದು, ಅದು ನಿಂತಿರುವ ಹೊಲದ ಸರ್ವೆ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು ಬರಬಹುದು.